ಯಾರಿಗೂ ತೋರಿಸದ ಹಾಳೆ

ಲೆಕ್ಕದ ಟೀಚರಿಗೆ ಇಪ್ಪತ್ತಾರು ವರ್ಷ ಸರ್ವಿಸ್ ಆಗಿತ್ತು. ಇಪ್ಪತ್ತಾರು ವರ್ಷವೂ ಪಾಠ ಮುಗಿಸಿ, ಕೈಗೆ ಮೆತ್ತಿದ ಸೀಮೆಸುಣ್ಣದ ಪುಡಿ ಕೊಡವಿಕೊಳ್ಳುತ್ತ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ, "ಅರ್ಥ ಆಯ್ತಾ?" ಮಕ್ಕಳು ಕೊಡುತ್ತಿದ್ದುದೂ ಒಂದೇ ಉತ್ತರ. ನಲವತ್ತು ಗಂಟಲು ಸೇರಿ ರಾಗವಾಗಿ ಎಳೆಯುವ ಆ "ಆಯ್ತು ಟೀಚರ್" ಮುಗಿಯುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಯಾರ ತಲೆಗೆ ಎಷ್ಟು ಹತ್ತಿದೆ ಎನ್ನುವುದು ಪರೀಕ್ಷೆಯ ಪೇಪರು ತಿದ್ದಲು ಕೂತಾಗಲೇ ಬಯಲಾಗುತ್ತಿದ್ದುದು. ಅಷ್ಟರಲ್ಲಿ ಪಾಠ ಮೂರು ಅಧ್ಯಾಯ ಮುಂದೆ ಹೋಗಿರುತ್ತಿತ್ತು.

ಈ ಸಂಕಟವನ್ನು ಅವರು ಹೇಳಿಕೊಂಡದ್ದು ಸೈನ್ಸ್ ಮಿಸ್ ಹತ್ತಿರ. ಶಾಲೆಯಲ್ಲಿ ಹಳಬರನ್ನು ಟೀಚರ್ ಎಂದೂ ಆಮೇಲೆ ಬಂದವರನ್ನು ಮಿಸ್ ಎಂದೂ ಮಕ್ಕಳು ಕರೆಯುವುದು ರೂಢಿ. ಸೈನ್ಸ್ ಮಿಸ್ ಲೆಕ್ಕದ ಟೀಚರಿಗಿಂತ ಹನ್ನೊಂದು ವರ್ಷ ಚಿಕ್ಕವಳು. ಕೆಲಸಕ್ಕೆ ಸೇರಿದ ಮೊದಲ ವಾರವೇ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನುಗಳ ಪೆಟ್ಟಿಗೆಯನ್ನು ಕೈಜಾರಿ ಬೀಳಿಸಿ, ಮೂಲೆಯಲ್ಲಿ ನಿಂತು ಅಳುತ್ತಿದ್ದಳು. ಆಗಿದ್ದ ಹೆಡ್‌ಮಾಸ್ಟರ ಮುಂದೆ "ಪೆಟ್ಟಿಗೆಗೆ ನನ್ನ ಕೈ ತಾಗಿತು" ಎಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡವರು ಲೆಕ್ಕದ ಟೀಚರ್. ಅವತ್ತಿನಿಂದ ಅವಳ ಬಾಯಲ್ಲಿ ಅವರು "ಅಕ್ಕ" ಆದರು. ಹದಿನಾಲ್ಕು ವರ್ಷ ಸ್ಟಾಫ್ ರೂಮಿನಲ್ಲಿ ಒಂದೇ ಬೆಂಚು, ಊಟಕ್ಕೆ ಒಂದೇ ಮೇಜು. ಅವಳ ಮಗುವಿಗೆ ಜ್ವರ ಬಂದ ದಿನ ಅವಳ ತರಗತಿಯನ್ನೂ ಇವರೇ ನೋಡಿಕೊಳ್ಳುವರು. ಇವರ ಮನೆಯ ಪರದೆಗಳಿಗೆ ಬಣ್ಣ ಆರಿಸಿದವಳು ಅವಳು. ಲೆಕ್ಕದ ಟೀಚರ ಗಂಡ ಟೈಲರ್. "ನಿನ್ನ ತಂಗಿ ಹೇಳಿದ್ರೆ ನನ್ನ ಅಂಗಡಿ ಬೋರ್ಡನ್ನೂ ಬದಲಾಯಿಸ್ತೀಯ ನೀನು" ಎಂದು ಅವರು ನಗುತ್ತಿದ್ದರು.

"ಅಕ್ಕಾ, ಮಕ್ಕಳು ಎಲ್ಲರ ಎದುರಿಗೆ ತಿಳೀಲಿಲ್ಲ ಅಂತ ಯಾಕೆ ಹೇಳ್ತಾರೆ? ನಾನೂ ನೀವೂ ಹೇಳ್ತೀವಾ ಮೀಟಿಂಗಲ್ಲಿ?" ಎಂದಳು ಸೈನ್ಸ್ ಮಿಸ್. "ಆಫೀಸಿನ ಬೀರುವಿನಲ್ಲಿ ಹನ್ನೆರಡು ಟ್ಯಾಬ್ ಧೂಳು ತಿಂತಾ ಬಿದ್ದಿವೆ. ಒಂದು ಸಣ್ಣ ಫಾರಂ ಮಾಡಿಕೊಡ್ತೀನಿ. ಪಾಠ ಮುಗಿದ ಮೇಲೆ ಒಬ್ಬೊಬ್ಬರೇ ಬಂದು ಒತ್ತಲಿ. ಎರಡು ನಿಮಿಷದ ಕೆಲಸ."

ಟೀಚರಿಗೆ ಫೋನಿನಲ್ಲಿ ಮಾತಾಡುವುದು, ಫೋಟೋ ತೆಗೆಯುವುದು ಬಿಟ್ಟರೆ ಹೆಚ್ಚೇನೂ ಬರುತ್ತಿರಲಿಲ್ಲ. ಅವಳು ಪಕ್ಕದಲ್ಲಿ ಕೂತು ಬೆರಳು ಹಿಡಿದು ಕಲಿಸಿದಳು. ಫಾರಂನಲ್ಲಿ ಮೂರೇ ಮನೆ. ಮೊದಲನೆಯದರಲ್ಲಿ ರೋಲ್ ನಂಬರ್. ಎರಡನೆಯದರಲ್ಲಿ ತಿಳಿಯಿತು, ಅರ್ಧಂಬರ್ಧ, ತಿಳಿಯಲಿಲ್ಲ ಎಂಬ ಮೂರರಲ್ಲಿ ಒಂದನ್ನು ಒತ್ತಬೇಕು. ಮೂರನೆಯದು ಖಾಲಿ ಜಾಗ, ಏನು ಕೇಳಬೇಕೋ ಅದನ್ನು ಬರೆಯಲು. ಮಕ್ಕಳು ಒತ್ತಿದ್ದೆಲ್ಲ ಒಂದು ಉದ್ದನೆಯ ಹಾಳೆಯಲ್ಲಿ ತಾರೀಕಿನ ಸಮೇತ ಸಾಲುಸಾಲಾಗಿ ಬಂದು ಕೂರುತ್ತಿತ್ತು.

"ನಂಬರ್ ಬೇಡ ಕಣೇ. ಹೆದರ್ತಾರೆ," ಎಂದರು ಟೀಚರ್.

"ನಂಬರ್ ಇಲ್ಲದಿದ್ರೆ ಯಾರಿಗೆ ಏನು ತಿಳೀಲಿಲ್ಲ ಅಂತ ಹೇಗೆ ಗೊತ್ತಾಗತ್ತೆ? ನೀವೊಬ್ಬರೇ ನೋಡೋದು ತಾನೆ."

ಅದೂ ಸರಿ ಅನ್ನಿಸಿತು. ಹಾಳೆಯನ್ನು ಅವಳು ತನ್ನ ಖಾತೆಯಲ್ಲೇ ಮಾಡಿ ಅವರ ಫೋನಿಗೆ ಕಳಿಸಿದ್ದಳು. ಅದರಿಂದ ಏನಾಗುತ್ತದೆ ಎಂದು ಟೀಚರ್ ಕೇಳಲಿಲ್ಲ. ಸ್ವಂತ ತಂಗಿಯಂಥವಳ ಕೈಲಿರುವುದಕ್ಕೆ ಬೀಗ ಹಾಕುವ ಯೋಚನೆ ಯಾರಿಗೆ ಬರುತ್ತದೆ?

ಮಾರನೆಯ ದಿನ ಹತ್ತನೇ ತರಗತಿಯಲ್ಲಿ ಟೀಚರ್ ಮೇಜಿನ ಮೇಲೆ ಹನ್ನೆರಡು ಟ್ಯಾಬ್ ಜೋಡಿಸಿದರು. ಎರಡರ ಗಾಜು ಬಿರುಕು ಬಿಟ್ಟಿತ್ತು, ಒಂದು ಚಾರ್ಜೇ ಹಿಡಿಯುತ್ತಿರಲಿಲ್ಲ. "ನಿಜ ಬರೀರಿ," ಎಂದರು. "ನಿಮ್ಮ ನಂಬರ್ ನನಗೆ ಮಾತ್ರ ಕಾಣತ್ತೆ. ಹೆಡ್‌ಮಾಸ್ಟರಿಗಿಲ್ಲ, ಅಪ್ಪ ಅಮ್ಮಂಗಿಲ್ಲ, ಪಕ್ಕದಲ್ಲಿ ಕೂತವರಿಗೂ ಇಲ್ಲ. ಇದು ನಿಮಗೂ ನನಗೂ ಮಧ್ಯೆ ಇರೋ ಮಾತು. ಯಾರಿಗೂ ತೋರಿಸಲ್ಲ."

ಅವತ್ತು ಹೇಳಿಕೊಟ್ಟದ್ದು ವರ್ಗ ಸಮೀಕರಣ. ನಲವತ್ತೊಂದು ಮಕ್ಕಳು ಎಂದಿನ ಹಾಗೆ ರಾಗ ಎಳೆದು "ಆಯ್ತು" ಅಂದು, ಆಮೇಲೆ ಬಂದು ಒತ್ತಿ ಹೋದರು. ಟೀಚರ್ ಹಾಳೆ ತೆಗೆದು ನೋಡಿದರೆ "ತಿಳಿಯಿತು" ಎಂದು ಒತ್ತಿದವರು ಆರು ಜನ.

ಸಂಜೆ ಗಂಡನ ಅಂಗಡಿಯಲ್ಲಿ, ಕತ್ತರಿಸಿದ ಬಟ್ಟೆಗಳ ನಡುವೆ ಕೂತು ಅವರು ಇದನ್ನು ಹೇಳಿದರು. ಟೈಲರ್ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ಆರು ಜನಕ್ಕಾದರೂ ಸರಿಹೋಯ್ತಲ್ಲ. ನಾನು ಹೊಲಿದ ಮೊದಲನೇ ಪ್ಯಾಂಟು ಒಬ್ಬರಿಗೂ ಸರಿಹೋಗಿರಲಿಲ್ಲ," ಎಂದರು.

ಟೀಚರಿಗೆ ನಗು ಬರಲಿಲ್ಲ. ಆದರೆ ಮೂರನೇ ಮನೆಯಲ್ಲಿ ಮಕ್ಕಳು ಬರೆದದ್ದನ್ನು ಓದುತ್ತ ಹೋದಂತೆ ಅವರಿಗೆ ಬೇರೇನೋ ಆಯಿತು. ಕೊನೆಯ ಬೆಂಚಿನಲ್ಲಿ ಕಾಲು ಚಾಚಿ ಕೂರುವ, ಎಲ್ಲರೂ ಗೋಲ್‌ಕೀಪರ್ ಅನ್ನುವ ಉದ್ದನೆಯ ಹುಡುಗ ಬರೆದಿದ್ದ: "ಮೈನಸ್ ಮೈನಸ್ ಗುಣಿಸಿದರೆ ಪ್ಲಸ್ ಯಾಕೆ ಆಗುತ್ತೆ? ಏಳನೇ ಕ್ಲಾಸಿಂದ ಕೇಳಬೇಕು ಅಂತಿದೀನಿ." ಇನ್ನೊಬ್ಬಳು, "ನೀವು ಬೋರ್ಡು ಬೇಗ ಒರೆಸ್ತೀರ." ಮತ್ತೆ ಇಪ್ಪತ್ತಮೂರನೇ ನಂಬರು. ಆ ಹುಡುಗಿಯ ಧ್ವನಿಯನ್ನು ತರಗತಿಯಲ್ಲಿ ಕೇಳಿದವರಿಲ್ಲ. ಹಿಂದೊಮ್ಮೆ ಪಾಠಗಳೆಲ್ಲ ಫೋನಿನಲ್ಲಿ ನಡೆದ ಕಾಲದಲ್ಲಿ ಮಕ್ಕಳು ಅವಳಿಗೆ ಮ್ಯೂಟ್ ಎಂದು ಹೆಸರಿಟ್ಟಿದ್ದರು. ಅದು ಹಾಗೇ ಅಂಟಿಕೊಂಡಿತ್ತು. ಆ ಮ್ಯೂಟ್ ಒಂದೂವರೆ ಪುಟದಷ್ಟು ಬರೆದಿದ್ದಳು.

ಟೀಚರ್ ಮನೆಯಲ್ಲಿ ಎರಡು ದಪ್ಪ ನಿಘಂಟುಗಳ ನಡುವೆ ಅಡಿಕೋಲು ಸಿಕ್ಕಿಸಿ, ಅದಕ್ಕೆ ಗಂಡನ ಎಲಾಸ್ಟಿಕ್‌ನಿಂದ ಫೋನು ಕಟ್ಟಿದರು. ಕೆಳಗೆ ನೋಟ್‌ಬುಕ್ಕು ಇಟ್ಟು, ಬರೆಯುವ ಕೈ ಮಾತ್ರ ಕಾಣುವಂತೆ ಮೂರು ನಿಮಿಷದ ವಿಡಿಯೋ ಮಾಡಿದರು. "ಯಾರೋ ಒಬ್ಬರು ಕೇಳಿದ್ದಾರೆ" ಎಂದು ಶುರು ಮಾಡಿ, ಮೈನಸ್ಸಿಗೆ ಮೈನಸ್ ಗುಣಿಸಿದರೆ ಏನಾಗುತ್ತದೆ, ಯಾಕಾಗುತ್ತದೆ ಎಂದು ನಿಧಾನವಾಗಿ ಬರೆದು ತೋರಿಸಿದರು. ತರಗತಿಯ ಗುಂಪಿಗೆ ಕಳಿಸಿದರು. ಕೇಳಿದವರು ಯಾರು ಎಂದು ಎಂದೂ ಹೇಳಲಿಲ್ಲ. ವಾರಕ್ಕೆ ಮೂರು, ಕೆಲವು ವಾರ ಐದು. ಮಕ್ಕಳು ಆ ವಿಡಿಯೋಗಳಿಗೆ "ಕೈ ಟೀಚರ್" ಎಂದು ಹೆಸರಿಟ್ಟರು. ಬೋರ್ಡಿನ ಮುಂದೆ ಒಂದು ಸಲ ಕೇಳಿ ಮರೆಯುತ್ತಿದ್ದವರು ಮನೆಯಲ್ಲಿ ನಾಲ್ಕು ಸಲ ಹಿಂದೆ ಸರಿಸಿ ನೋಡುತ್ತಿದ್ದರು. ಟೀಚರ್ ಬೋರ್ಡು ನಿಧಾನವಾಗಿ ಒರೆಸುವುದನ್ನು ಕಲಿತರು.

ಐದು ತಿಂಗಳು ಹೀಗೆ ನಡೆಯಿತು. ಮೊದಲಿಗೆ ಆರಿದ್ದ "ತಿಳಿಯಿತು" ಹದಿನೈದಾಯಿತು, ಇಪ್ಪತ್ತಾರಾಯಿತು, ಕೊನೆಗೆ ಮೂವತ್ತರ ಆಚೆಗೂ ಹೋಗತೊಡಗಿತು. ಮ್ಯೂಟ್ ಒಂದು ದಿನ "ಇವತ್ತು ಎಲ್ಲಾ ತಿಳೀತು, ಪ್ರಶ್ನೆ ಇಲ್ಲ, ಸುಮ್ಮನೆ ಬರೆದೆ" ಎಂದು ಬರೆದಳು. ಅದನ್ನು ಟೀಚರ್ ಗಂಡನಿಗೆ ಎರಡು ಸಲ ಓದಿ ಹೇಳಿದರು.

ಆ ವರ್ಷ ಶಾಲೆಯಲ್ಲಿ ಉಪಮುಖ್ಯೋಪಾಧ್ಯಾಯರ ಹುದ್ದೆ ಖಾಲಿಯಾಗಿತ್ತು. ಸರದಿಯಲ್ಲಿ ಲೆಕ್ಕದ ಟೀಚರದೇ ಮೊದಲ ಹೆಸರು. ಅವರಿಗೆ ಅದು ಬೇಕಿರಲಿಲ್ಲ. "ರಿಜಿಸ್ಟರ್ ಹೊತ್ಕೊಂಡು ತಿರುಗೋದು ನನ್ನ ಕೈಲಿ ಆಗಲ್ಲ. ನೀನು ಕೇಳು ಕಣೇ," ಎಂದು ಅವರೇ ಸೈನ್ಸ್ ಮಿಸ್‌ಗೆ ಹೇಳಿದ್ದರು. ಹಾಗೆ ಹೇಳಿದ್ದಕ್ಕೆ ಅವಳು ಅವರ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲೇ ಇಲ್ಲ.

ಪರೀಕ್ಷೆಗೆ ಅರ್ಜಿ ತುಂಬುವ ಮುಂಚೆ ಪೋಷಕರ ಸಭೆ ಕರೆಯುವುದು ಪ್ರತಿ ವರ್ಷದ ಪದ್ಧತಿ. ಅವತ್ತು ಸಭಾಂಗಣದ ಕಿಟಕಿಗಳಿಗೆ ಪರದೆ ಎಳೆದಿದ್ದರು. ಹತ್ತನೇ ತರಗತಿಯ ಮಕ್ಕಳು ಅಪ್ಪ ಅಮ್ಮಂದಿರ ಪಕ್ಕದಲ್ಲಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಮೇಲಿನ ಕಚೇರಿಯಿಂದ ಬಂದ ಅಧಿಕಾರಿಯೂ ಇದ್ದರು. ಲೆಕ್ಕದ ಟೀಚರ್ ಬಾಗಿಲ ಹತ್ತಿರ, ತಡವಾಗಿ ಬರುವವರಿಗೆ ಕುರ್ಚಿ ತೋರಿಸುತ್ತ ನಿಂತಿದ್ದರು.

ಹೆಡ್‌ಮಾಸ್ಟರು ನಾಲ್ಕು ಮಾತು ಆಡಿ, "ನಮ್ಮ ಸೈನ್ಸ್ ಮೇಡಂ ಈ ವರ್ಷ ಡಿಜಿಟಲ್ ವಿಧಾನದಿಂದ ಹಿಂದುಳಿದ ಮಕ್ಕಳನ್ನು ಪತ್ತೆ ಮಾಡುವ ಒಳ್ಳೆ ಪ್ರಯೋಗ ಮಾಡಿದ್ದಾರೆ" ಎಂದರು. ಸೈನ್ಸ್ ಮಿಸ್ ಎದ್ದು ಬಂದಳು. ಗೋಡೆಯ ಮೇಲೆ ಬೆಳಕು ಬಿತ್ತು.

ಟೀಚರಿಗೆ ಮೊದಲು ಕಂಡದ್ದು ಆ ಮೂರು ಮನೆಗಳು. ತಮ್ಮ ಫೋನಿನ ಅಂಗೈಯಗಲದ ಪರದೆಯಲ್ಲಿ ದಿನಾ ನೋಡುತ್ತಿದ್ದ ಹಾಳೆ ಗೋಡೆಯಷ್ಟು ದೊಡ್ಡದಾಗಿ ನಿಂತಿತ್ತು. ರೋಲ್ ನಂಬರು, ಎದುರಿಗೆ ಕೆಂಪು ಬಣ್ಣ ಬಳಿದ "ತಿಳಿಯಲಿಲ್ಲ", ಅದರ ಪಕ್ಕದಲ್ಲಿ ಮಕ್ಕಳೇ ಬರೆದ ಸಾಲುಗಳು. ಒಂಬತ್ತು ನಂಬರುಗಳು. ಮೇಲೆ "ಅಪಾಯದ ಅಂಚಿನಲ್ಲಿರುವವರು" ಎಂಬ ತಲೆಬರಹ.

"ಇಲ್ಲಿ ಹೆಸರಿಲ್ಲ, ನಂಬರ್ ಮಾತ್ರ ಇದೆ," ಎನ್ನುತ್ತಿದ್ದಳು ಸೈನ್ಸ್ ಮಿಸ್, ಯಾರ ಮುಖವನ್ನೂ ನೋಡದೆ. "ಈ ಒಂಬತ್ತು ಮಕ್ಕಳು ಈ ವರ್ಷ ಶಾಲೆಯ ಹೆಸರಲ್ಲಿ ಪರೀಕ್ಷೆ ಬರೆಯೋ ಬದಲು ಹೊರಗಿನಿಂದ ಖಾಸಗಿಯಾಗಿ ಕಟ್ಟೋದು ಒಳ್ಳೆಯದು ಅಂತ ನಮ್ಮ ಸಲಹೆ. ಅವರಿಗೂ ಒತ್ತಡ ಕಡಿಮೆ."

ತಮ್ಮ ಮಗುವಿನ ನಂಬರು ಗೊತ್ತಿಲ್ಲದ ತಂದೆತಾಯಿ ಯಾರಿದ್ದಾರೆ? ಕುರ್ಚಿಗಳು ಕಿರುಗುಟ್ಟಿದವು. ಯಾರೋ ಒಬ್ಬರು ಮಗನ ಕಡೆಗೆ ತಿರುಗಿದರು. ಮೂರನೇ ಸಾಲಿನಲ್ಲಿ ಮ್ಯೂಟ್, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವ ಅವಳ ತಾಯಿಯ ಪಕ್ಕದಲ್ಲಿ ಕೂತಿದ್ದಳು. ಗೋಡೆಯ ಮೇಲೆ ಇಪ್ಪತ್ತಮೂರನೇ ನಂಬರಿನ ಎದುರು ಹೀಗಿತ್ತು: "ಭಾಗಾಕಾರ ನಾಲ್ಕನೇ ಕ್ಲಾಸಿಂದ ಬರಲ್ಲ. ಮನೇಲಿ ಕೇಳಕ್ಕೆ ಆಗಲ್ಲ, ಅಮ್ಮಂಗೂ ಬರಲ್ಲ. ನನಗೆ ಬರಲ್ಲ ಅಂತ ದಯವಿಟ್ಟು ಅಮ್ಮಂಗೆ ಹೇಳಬೇಡಿ ಟೀಚರ್."

ತಾಯಿ ಅದನ್ನು ನಿಧಾನವಾಗಿ, ತುಟಿ ಅಲ್ಲಾಡಿಸುತ್ತ ಓದಿದರು. ಓದಿ ಮುಗಿಸಿ ಮಗಳನ್ನು ನೋಡಲಿಲ್ಲ. ತಮ್ಮ ಮಡಿಲಿನಲ್ಲಿದ್ದ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದರು. ಹುಡುಗಿ ಮಾತ್ರ ಹಿಂದಕ್ಕೆ ತಿರುಗಿ, ಬಾಗಿಲ ಹತ್ತಿರ ನಿಂತಿದ್ದ ಟೀಚರನ್ನು ಹುಡುಕಿ ನೋಡಿದಳು. ಬೈಗುಳವಾಗಿದ್ದರೆ ಟೀಚರ್ ತಡೆದುಕೊಳ್ಳುತ್ತಿದ್ದರು. ಆ ನೋಟದಲ್ಲಿ ಬೈಗುಳವಿರಲಿಲ್ಲ. ದಾರಿಯಲ್ಲಿ ಸಿಕ್ಕ ಅಪರಿಚಿತರ ಮುಖದಲ್ಲಿ ಯಾರ ಹೋಲಿಕೆಯೋ ಕಂಡು, ಅಲ್ಲ ಎಂದು ಗೊತ್ತಾದಾಗ ನೋಡುತ್ತಾರಲ್ಲ, ಹಾಗಿತ್ತು.

ಟೀಚರಿಗೆ ಕೂಗಿ ನಿಲ್ಲಿಸಬೇಕು ಅನ್ನಿಸಿತು. ಎರಡು ಹೆಜ್ಜೆ ಮುಂದಿಡುವಷ್ಟರಲ್ಲಿ ಮುಂದಿನ ಚಿತ್ರ ಬಂತು, ಅಧಿಕಾರಿ ತಲೆದೂಗಿದರು, ಯಾರೋ ಚಪ್ಪಾಳೆ ತಟ್ಟಿದರು.

ಸಭೆ ಮುಗಿದ ಮೇಲೆ ಅವರು ಪ್ರಯೋಗಾಲಯಕ್ಕೆ ಹೋದರು. ಸೈನ್ಸ್ ಮಿಸ್ ವೈರುಗಳನ್ನು ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದಳು.

"ನನ್ನ ಮಕ್ಕಳ ಹಾಳೆ ಅಲ್ವಾ ಅದು?" ಎಂದರು ಟೀಚರ್.

"ಕೂತ್ಕೊಳಿ ಅಕ್ಕಾ."

"ಕೂರಕ್ಕೆ ಬಂದಿಲ್ಲ. ನನ್ನನ್ನ ಒಂದು ಮಾತು ಕೇಳಿದ್ಯಾ?"

"ಹಾಳೆ ನನ್ನ ಖಾತೆಯಲ್ಲೇ ಇತ್ತಲ್ಲ ಅಕ್ಕಾ. ಹೆಡ್‌ಮಾಸ್ಟರು ಏನಾದ್ರೂ ಹೊಸದು ತೋರಿಸಿ ಅಂದ್ರು. ಅಧಿಕಾರಿಗಳು ಬರೋ ದಿನ. ನಿಮ್ಮನ್ನ ಕೇಳಿದ್ರೆ ಬೇಡ ಅಂತಿದ್ರಿ."

"ಹೌದು. ಬೇಡ ಅಂತಿದ್ದೆ."

ಸೈನ್ಸ್ ಮಿಸ್ ವೈರನ್ನು ಮತ್ತೆ ಬಿಚ್ಚಿ ಸುತ್ತಿದಳು. "ಮಕ್ಕಳ ಒಳ್ಳೇದಕ್ಕೇ ತಾನೆ. ಪರೀಕ್ಷೇಲಿ ಬಿದ್ದು ಅಳೋದಕ್ಕಿಂತ ಈಗಲೇ ಗೊತ್ತಾಗೋದು ಮೇಲಲ್ವಾ?"

"ತಾರೀಕು ನೋಡಿದೆ ನಾನು. ಗೋಡೆ ಮೇಲೆ ಇದ್ದದ್ದು ಮೊದಲ ಆರು ವಾರದ್ದು. ಆಮೇಲಿನ ಮೂರೂವರೆ ತಿಂಗಳು ಎಲ್ಲಿ ಹೋಯ್ತು? ಆ ಒಂಬತ್ತರಲ್ಲಿ ಏಳು ಮಕ್ಕಳು ಈಗ ತಿಳಿಯಿತು ಅಂತ ಒತ್ತುತಾ ಇದಾರೆ. ನಿನಗೂ ಕಾಣ್ತಿತ್ತಲ್ಲ."

"ಎಲ್ಲಾ ಹಾಕಿದ್ರೆ ಒಂದು ಪುಟದಲ್ಲಿ ಹಿಡೀತಿರಲಿಲ್ಲ."

"ಹಿಡೀತಿರಲಿಲ್ಲ," ಎಂದರು ಟೀಚರ್.

ಅವಳು ತಲೆ ಎತ್ತಿದಳು. ಕಣ್ಣು ಕೆಂಪಾಗಿತ್ತು. "ನಿಮಗೆ ಹುದ್ದೆ ಬೇಡ ಅಕ್ಕಾ. ಬೇಡ ಅಂತ ಹೇಳೋವಷ್ಟು ಹೆಸರಿದೆ ನಿಮಗೆ. ಹದಿನಾಲ್ಕು ವರ್ಷದಿಂದ ಈ ಶಾಲೇಲಿ ನಾನು ಯಾರು? ಲೆಕ್ಕದ ಟೀಚರ ಹಿಂದೆ ಓಡಾಡೋಳು. ಒಂದು ಸಲ, ಒಂದೇ ಸಲ ನಾನು ಮುಂದೆ ನಿಂತ್ಕೊಂಡೆ."

ಈ ಮಾತು ಟೀಚರಿಗೆ ಹಾಳೆಯ ವಿಷಯಕ್ಕಿಂತ ಹೆಚ್ಚು ನಾಟಿತು. ಹದಿನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದವಳ ಮನಸ್ಸಿನಲ್ಲಿ ಇದು ಯಾವಾಗಿನಿಂದ ಇತ್ತು? ತಾವು ತಬ್ಬಿಕೊಂಡದ್ದೆಲ್ಲ ಅವಳಿಗೆ ಅಡ್ಡ ನಿಂತಂತೆ ಕಂಡಿತ್ತೆ? ಪೆಟ್ಟಿಗೆ ಒಡೆದ ದಿನ ತಾವು ತಪ್ಪು ಹೊತ್ತುಕೊಂಡದ್ದೂ?

"ಸರಿ ಮೇಡಂ," ಎಂದರು. "ನೀವು ಆ ಹಾಳೆಯನ್ನ ನನ್ನ ಹೆಸರಿಗೆ ಬದಲಾಯಿಸಿ ಕೊಡಿ. ಆಮೇಲೆ ನಿಮ್ಮ ಹತ್ತಿರ ಇರೋದನ್ನ ಅಳಿಸಿ. ನನ್ನ ಎದುರಿಗೇ ಮಾಡಿ."

'ನೀವು' ಎಂದ ಕೂಡಲೆ ಸೈನ್ಸ್ ಮಿಸ್ ಕೈ ನಿಂತಿತು. ಅವಳು ಫೋನು ತೆಗೆದು ಹೇಳಿದಂತೆ ಮಾಡಿದಳು. ಟೀಚರ್ ಅಲ್ಲೇ ನಿಂತು ನೋಡಿ, ಹೊರಟರು.

ಮರುದಿನದ ತರಗತಿಯಲ್ಲಿ ಪಾಠವಾದ ಮೇಲೆ ಟ್ಯಾಬ್ ಇಟ್ಟರು. ಮಕ್ಕಳು ಸಾಲಾಗಿ ಬಂದು ಒತ್ತಿ ಹೋದರು. ಹಾಳೆಯಲ್ಲಿ ಮೂವತ್ತೊಂಬತ್ತು "ತಿಳಿಯಿತು". ಮೂರನೇ ಮನೆಯಲ್ಲಿ ಬರೀ ಚುಕ್ಕೆಗಳು. ಒಬ್ಬರು "ಧನ್ಯವಾದ" ಎಂದು ಬರೆದಿದ್ದರು. ಮ್ಯೂಟ್ ಬಂದಿರಲಿಲ್ಲ, ಇನ್ನೊಬ್ಬನೂ ಬಂದಿರಲಿಲ್ಲ.

ಗೋಲ್‌ಕೀಪರ್ ಎದ್ದು ನಿಂತ. ಗೋಡೆಯ ಮೇಲಿನ ಒಂಬತ್ತರಲ್ಲಿ ಅವನದೂ ಒಂದು ನಂಬರು. "ಟೀಚರ್, ನೀವು ಯಾರಿಗೂ ತೋರಿಸಲ್ಲ ಅಂದಿದ್ರಿ," ಎಂದ. ಜಗಳದ ಧ್ವನಿಯಲ್ಲ. ಲೆಕ್ಕದಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದೆ ಎಂದು ತೋರಿಸುವ ಹಾಗೆ.

ತೋರಿಸಿದ್ದು ನಾನಲ್ಲ ಎಂದು ಹೇಳಿದ್ದರೆ ಅದು ಸುಳ್ಳಾಗುತ್ತಿರಲಿಲ್ಲ. ಹೆಸರು ಹೇಳಿದ್ದರೆ ಮಕ್ಕಳು ನಂಬುತ್ತಲೂ ಇದ್ದರು. ಟೀಚರ್ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು, "ಅಂದಿದ್ದೆ. ಬೇರೆಯವರಿಗೆ ಸಿಗೋ ಕಡೆ ಇಟ್ಟಿದ್ದೆ, ನೋಡ್ಕೊಳ್ಳಲಿಲ್ಲ. ತಪ್ಪು ನನ್ನದೇ," ಎಂದರು.

ಅವನು ಕೂತ. ಗಂಟೆ ಹೊಡೆಯಲು ಇನ್ನೂ ಎಂಟು ನಿಮಿಷವಿತ್ತು. ಆ ಎಂಟು ನಿಮಿಷ ಅವರ ಸರ್ವಿಸ್ಸಿನಲ್ಲೇ ಅತ್ಯಂತ ಉದ್ದನೆಯದು.

ಮ್ಯೂಟ್ ನಾಲ್ಕು ದಿನ ಬರಲಿಲ್ಲ. ಐದನೇ ದಿನ ಮಧ್ಯಾಹ್ನ ಟೀಚರ್ ಆಸ್ಪತ್ರೆಗೆ ಹೋದರು. ಬಟ್ಟೆ ಒಗೆಯುವ ವಿಭಾಗ ಕಟ್ಟಡದ ಹಿಂಭಾಗದಲ್ಲಿತ್ತು. ದೊಡ್ಡ ಯಂತ್ರಗಳ ಸದ್ದಿನ ನಡುವೆ ತಾಯಿ ಹಾಸಿಗೆ ಹೊದಿಕೆಗಳನ್ನು ಮಡಚಿ ಹತ್ತು ಹತ್ತರ ಕಟ್ಟು ಮಾಡುತ್ತಿದ್ದರು. ಟೀಚರನ್ನು ನೋಡಿ ಕೈ ನಿಲ್ಲಿಸಲಿಲ್ಲ. ಟೀಚರ್ ಚೀಲವನ್ನು ಕೆಳಗಿಟ್ಟು ಹೊದಿಕೆಯ ಇನ್ನೊಂದು ತುದಿ ಹಿಡಿದರು. ಇಬ್ಬರೂ ಸೇರಿ ಮೂರು ನಾಲ್ಕು ಮಡಚಿದ ಮೇಲೆ ತಾಯಿ ಮಾತಾಡಿದರು.

"ನನಗೆ ಭಾಗಾಕಾರ ಬರಲ್ಲ ಅಂತ ಎಲ್ಲರಿಗೂ ಗೊತ್ತಾಯ್ತು. ಅದಕ್ಕೇನೂ ಇಲ್ಲ ಟೀಚರ್. ಇಲ್ಲಿ ಹತ್ತರ ಕಟ್ಟು ಮಾಡಕ್ಕೆ ಬಂದ್ರೆ ಸಾಕು."

"ತಪ್ಪು ನನ್ನದಮ್ಮ."

"ನಾನು ಬೈದೇ ಇಲ್ಲ ಅವಳಿಗೆ. ಒಂದು ಮಾತೂ ಆಡಿಲ್ಲ. ಅಮ್ಮಂಗೆ ಹೇಳಬೇಡಿ ಅಂತ ನಿಮಗೆ ಹೇಳಿದಾಳಲ್ಲ, ಅದೊಂದು ಹೊಟ್ಟೆಯಿಂದ ಹೋಗ್ತಾ ಇಲ್ಲ. ಆರು ವರ್ಷದಿಂದ ಬಚ್ಚಿಟ್ಕೊಂಡಿದಾಳೆ. ನಾನು ಅಷ್ಟು ಕೆಟ್ಟೋಳಾ?"

"ನಿಮಗೆ ನೋವಾಗತ್ತೆ ಅಂತ ಬಚ್ಚಿಟ್ಟಿದ್ದು."

"ಈಗ ಆಗಲಿಲ್ವಾ?" ಎಂದರು ತಾಯಿ. ಟೀಚರ್ ಇನ್ನೊಂದು ಹೊದಿಕೆಯ ತುದಿ ಹಿಡಿದರು. ಹುಡುಗಿ ಹೊರಗಿನಿಂದ ಪರೀಕ್ಷೆ ಕಟ್ಟಬೇಕಾಗಿಲ್ಲ, ತಾವು ಹೆಡ್‌ಮಾಸ್ಟರ ಹತ್ತಿರ ಮಾತಾಡುತ್ತೇವೆ, ನಾಳೆ ಶಾಲೆಗೆ ಕಳಿಸಿ ಎಂದರು. "ನೀವು ಮಾತಾಡ್ತೀರ?" ಎಂದು ತಾಯಿ ಕೇಳಿದ ರೀತಿಯಲ್ಲಿ, ಈ ಮಾತನ್ನಾದರೂ ಉಳಿಸಿಕೊಳ್ಳುತ್ತೀರಾ ಎಂಬ ಇನ್ನೊಂದು ಪ್ರಶ್ನೆಯೂ ಇತ್ತು.

ಅವತ್ತೇ ಸಂಜೆ ಟೀಚರ್ ಐದು ತಿಂಗಳ ಹಾಳೆಯನ್ನು ಪೂರ್ತಿ ಪ್ರಿಂಟ್ ತೆಗೆಸಿದರು. ನಲವತ್ತೆರಡು ಪುಟ. ಒಂಬತ್ತು ಮಕ್ಕಳ ಸಾಲುಗಳನ್ನು ಬೇರೆ ಮಾಡಿ, ಮಕ್ಕಳು ಬರೆದ ಮಾತುಗಳಿದ್ದ ಬದಿಯನ್ನೂ ನಂಬರು ಇದ್ದ ಬದಿಯನ್ನೂ ತೆಗೆದುಹಾಕಬೇಕಿತ್ತು. ಅಂಗಡಿಯ ಉದ್ದನೆಯ ಮೇಜಿನ ಮೇಲೆ ಟೈಲರ್ ತಮ್ಮ ದೊಡ್ಡ ಕತ್ತರಿಯಿಂದ ಒಂದೊಂದೇ ಪುಟವನ್ನು ನೇರವಾಗಿ ಕತ್ತರಿಸಿದರು.

"ನನ್ನ ಅಳತೆ ಪುಸ್ತಕ ಇದೆಯಲ್ಲ," ಎಂದರು ಕತ್ತರಿಸುತ್ತಲೇ, "ಯಾರ ಸೊಂಟ ಎಷ್ಟು ಅಂತ ಅದರಲ್ಲಿದೆ. ಯಾರಾದ್ರೂ ತೆಗೆದು ಬೀದೀಲಿ ಓದಿದ್ರೆ ಮಾರನೇ ದಿನ ನಾನು ಅಂಗಡಿ ಮುಚ್ಚಬೇಕು. ಓದಿದವನದು ತಪ್ಪು ಅಂತ ಎಷ್ಟು ಹೇಳಿದ್ರೂ ಯಾರೂ ಕೇಳಲ್ಲ." ಇನ್ನೊಂದು ಪುಟ ಎಳೆದುಕೊಂಡು, "ಅವಳು ಇವತ್ತು ಬೆಳಗ್ಗೆ ಈ ಕಡೆ ಬಂದಿದ್ಲು. ಅಕ್ಕ ಇದಾರಾ ಅಂದ್ಲು. ಇಲ್ಲ ಅಂದೆ," ಎಂದರು.

"ಸರಿ ಮಾಡಿದ್ರಿ," ಎಂದರು ಟೀಚರ್.

ಹೆಡ್‌ಮಾಸ್ಟರು ಕನ್ನಡಕ ಏರಿಸಿಕೊಂಡು ಕತ್ತರಿಸಿದ ಪಟ್ಟಿಗಳನ್ನು ಬಹಳ ಹೊತ್ತು ನೋಡಿದರು. ಮೊದಲ ವಾರದಿಂದ ಕೊನೆಯ ವಾರದವರೆಗೆ ಒಂಬತ್ತು ಪಟ್ಟಿಗಳಲ್ಲಿ "ತಿಳಿಯಲಿಲ್ಲ" ತೆಳುವಾಗುತ್ತ ಹೋಗಿ "ತಿಳಿಯಿತು" ತುಂಬುತ್ತ ಬಂದದ್ದು ಯಾರಿಗಾದರೂ ಕಾಣುವಂತಿತ್ತು. ಎರಡು ಪಟ್ಟಿಗಳಲ್ಲಿ ಮಾತ್ರ ಅಷ್ಟು ಬದಲಾವಣೆ ಇರಲಿಲ್ಲ.

"ಇದನ್ನ ಸಭೆ ದಿನವೇ ಯಾಕೆ ಹೇಳಲಿಲ್ಲ ನೀವು?"

"ಈ ಹಾಳೆ ಗೋಡೆ ಮೇಲೆ ಬರತ್ತೆ ಅಂತ ಸಭೆ ದಿನದವರೆಗೆ ನನಗೇ ಗೊತ್ತಿರಲಿಲ್ಲ ಸರ್."

ಹೆಡ್‌ಮಾಸ್ಟರು ಅವರ ಮುಖ ನೋಡಿ, ಏನೋ ಅರ್ಥವಾದವರಂತೆ ಪೆನ್ನು ತಿರುಗಿಸಿದರು. ಆದರೆ ಆ ದಾರಿ ಹಿಡಿಯಲಿಲ್ಲ. "ಫಲಿತಾಂಶ ಇಳಿದ್ರೆ ಮೇಲಿನವರು ನನ್ನನ್ನ ಕೇಳ್ತಾರೆ. ನೀವು ಬರೆದುಕೊಡ್ತೀರಾ? ಈ ಒಂಬತ್ತರಲ್ಲಿ ಒಬ್ಬರು ಫೇಲಾದ್ರೂ ಮುಂದಿನ ವರ್ಷದಿಂದ ಹತ್ತನೇ ತರಗತಿ ಬಿಟ್ಟುಕೊಡ್ತೀನಿ ಅಂತ?"

ಟೀಚರ್ ಅಲ್ಲೇ ಇದ್ದ ಕಾಗದ ಎಳೆದುಕೊಂಡು ಬರೆದು ಸಹಿ ಹಾಕಿದರು.

ಆಮೇಲಿನ ತಿಂಗಳುಗಳಲ್ಲಿ ಅವರು ಫಾರಂ ಬಳಸಲಿಲ್ಲ. ಟ್ಯಾಬ್‌ಗಳು ಬೀರುವಿಗೆ ಹಿಂದಿರುಗಿದವು. ವಿಡಿಯೋ ಮಾಡುವುದನ್ನು ಮಾತ್ರ ಬಿಡಲಿಲ್ಲ. ಯಾರೂ ಕೇಳದ ಪ್ರಶ್ನೆಗಳಿಗೆ, ಕೇಳಬಹುದಾಗಿದ್ದವು ಯಾವುವು ಎಂದು ತಾವೇ ಊಹಿಸಿ ಉತ್ತರ ಕೊಡುತ್ತ ಹೋದರು. ಊಹೆ ಕೆಲವು ಸಲ ಸರಿಯಾಗುತ್ತಿತ್ತು. ಬಹಳ ಸಲ ಇಲ್ಲ. ಮ್ಯೂಟ್ ಶಾಲೆಗೆ ಬಂದಳು, ಬರೆದುಕೊಂಡಳು, ತಲೆ ಬಗ್ಗಿಸಿಕೊಂಡು ಹೋದಳು. ಅವಳ ನೋಟ್‌ಬುಕ್ಕಿನಲ್ಲಿ ಭಾಗಾಕಾರಗಳು ಸರಿಯಾಗಿದ್ದವು. ಒಂದೆರಡು ಸಲ ಟೀಚರ್ ಅವಳ ಬೆಂಚಿನ ಹತ್ತಿರ ಬಗ್ಗಿ, "ಏನಾದ್ರೂ ಕೇಳಬೇಕಾ?" ಎಂದು ಮೆಲ್ಲಗೆ ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು.

ಸ್ಟಾಫ್ ರೂಮಿನಲ್ಲಿ ಸೈನ್ಸ್ ಮಿಸ್ ಬೇರೆ ಬೆಂಚಿಗೆ ಹೋಗಲಿಲ್ಲ. ಟೀಚರೇ ಹೋದರು. ವಾರ್ಷಿಕೋತ್ಸವದ ದಿನ ಅವಳಿಗೆ ಡಿಜಿಟಲ್ ಬೋಧನೆಯ ಹೊಸ ಪ್ರಯೋಗಕ್ಕಾಗಿ ಪ್ರಮಾಣಪತ್ರ ಕೊಟ್ಟರು. ಉಪಮುಖ್ಯೋಪಾಧ್ಯಾಯಿನಿ ಎಂದೂ ಅವತ್ತೇ ಘೋಷಣೆಯಾಯಿತು. ಅವಳು ಮೈಕಿನ ಮುಂದೆ ನಿಂತು, "ಇದರಲ್ಲಿ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರ ಸಹಕಾರವೂ ಇದೆ" ಎಂದಳು. ಹೆಸರು ಹೇಳಲಿಲ್ಲ. ಲೆಕ್ಕದ ಟೀಚರ್ ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು. ತಟ್ಟದೆ ಕೂತರೆ ಪಕ್ಕದವರು ಕಾರಣ ಕೇಳುತ್ತಿದ್ದರು, ಕಾರಣ ಹೇಳುವ ಮನಸ್ಸು ಅವರಿಗಿರಲಿಲ್ಲ.

ಫಲಿತಾಂಶ ಬಂದಾಗ ಒಂಬತ್ತರಲ್ಲಿ ಏಳು ಜನ ಪಾಸಾಗಿದ್ದರು. ಗೋಲ್‌ಕೀಪರ್ ಲೆಕ್ಕದಲ್ಲಿ ಐವತ್ತೆಂಟು ತೆಗೆದಿದ್ದ. ಫೇಲಾದ ಇಬ್ಬರ ಮನೆಗೂ ಟೀಚರ್ ಹೋಗಿ, ಮರುಪರೀಕ್ಷೆಗೆ ತಾವೇ ಹೇಳಿಕೊಡುತ್ತೇವೆ ಎಂದು ಬಂದರು. ಒಬ್ಬರ ಮನೆಯಲ್ಲಿ ಒಪ್ಪಿದರು. ಇನ್ನೊಬ್ಬರ ಮನೆಯಲ್ಲಿ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಬರೆದುಕೊಟ್ಟ ಕಾಗದವನ್ನು ಹೆಡ್‌ಮಾಸ್ಟರು ಮರೆತಂತೆ ಇದ್ದರು. ಹೊಸ ವೇಳಾಪಟ್ಟಿ ತಯಾರಿಸಿದವರು ಉಪಮುಖ್ಯೋಪಾಧ್ಯಾಯಿನಿ. ಅದರಲ್ಲಿ ಲೆಕ್ಕದ ಟೀಚರಿಗೆ ಆರನೇ ತರಗತಿ ಇತ್ತು.

ಅಂಕಪಟ್ಟಿ ತೆಗೆದುಕೊಳ್ಳುವ ದಿನ ಮ್ಯೂಟ್ ತಾಯಿಯ ಜೊತೆ ಬಂದಳು. ತಾಯಿ ಕೆಲಸದ ನಡುವೆ ಒಂದು ಗಂಟೆ ಬಿಡುವು ಕೇಳಿಕೊಂಡು ಬಂದಿದ್ದರು. ಕೈಗಳು ಸೋಪಿನ ನೀರಿಗೆ ಬೆಳ್ಳಗಾಗಿದ್ದವು.

"ಅರವತ್ತೊಂದು ಬಂದಿದೆ ಟೀಚರ್ ಲೆಕ್ಕದಲ್ಲಿ," ಎಂದರು. "ಸೈನ್ಸ್ ಮೇಡಂ ಆಫೀಸಲ್ಲಿ ಸಿಕ್ಕಿದ್ರು. ನಮ್ಮ ಯೋಜನೆಯಿಂದ ನಿಮ್ಮ ಮಗಳು ಪಾಸಾದ್ಲು ಅಂದ್ರು. ನಾನು ಸುಮ್ನೆ ಹೂಂ ಅಂದೆ."

"ಇರಲಿ ಬಿಡಿ." ಟೀಚರ್ ಹುಡುಗಿಯ ಕಡೆ ತಿರುಗಿ, "ಮುಂದೆ ಏನು ಓದಬೇಕು ಅಂತಿದೀಯಮ್ಮ?" ಎಂದು ಕೇಳಿದರು.

ಹುಡುಗಿ ಒಮ್ಮೆ ತಾಯಿಯನ್ನು ನೋಡಿದಳು. "ಇನ್ನೂ ಯೋಚನೆ ಮಾಡಿಲ್ಲ ಟೀಚರ್," ಎಂದಳು ಪಿಸುಮಾತಿನಲ್ಲಿ, ವಿನಯವಾಗಿ. ಆಮೇಲೆ ಅಂಕಪಟ್ಟಿಯನ್ನು ಚೀಲಕ್ಕೆ ಸೇರಿಸಿ ಗೇಟಿನ ಕಡೆ ನಡೆದಳು.

ತಾಯಿ ಒಂದು ಹೆಜ್ಜೆ ಹಿಂದೆ ಉಳಿದರು. ಆ ದಣಿದ ಮುಖದಲ್ಲಿ ಟೀಚರ್ ಹಿಂದೆಂದೂ ನೋಡದ ಒಂದು ಹೆಮ್ಮೆ ಇತ್ತು. "ಯೋಚನೆ ಮಾಡಿದಾಳೆ ಟೀಚರ್. ಮೊನ್ನೆ ನನ್ನ ಹತ್ತಿರ ಎಲ್ಲಾ ಹೇಳಿದ್ಲು. ಆದ್ರೆ ಯಾರಿಗೂ ಹೇಳಬೇಡ ಅಂದಿದಾಳೆ."

"ಹಾಗಿದ್ರೆ ಹೇಳಬೇಡಿ," ಎಂದರು ಟೀಚರ್.

ತಾಯಿ ತಲೆಯಾಡಿಸಿ, ಮಗಳ ಹಿಂದೆ ಬೇಗ ಬೇಗ ಹೆಜ್ಜೆ ಹಾಕಿದರು. ಗೇಟಿನ ಹತ್ತಿರ ಹುಡುಗಿ ನಿಂತು ಕಾದಿದ್ದು, ತಾಯಿಯ ಕಿವಿಗೆ ಬಗ್ಗಿ ಏನೋ ಹೇಳಿದಳು. ಇಬ್ಬರೂ ನಕ್ಕರು. ಟೀಚರ್ ಅಲ್ಲಿಂದ ಕಣ್ಣು ತೆಗೆದು, ಆರನೇ ತರಗತಿಯ ಹಾಜರಿ ಪುಸ್ತಕ ತೆಗೆದುಕೊಂಡು ಮೆಟ್ಟಿಲಿಳಿದರು.